ಗೆರೆಯ ಗುಣ

ಅಂಗಡಿಯಲ್ಲಿ ಸೀರೆ ಕೊಳ್ಳುವಾಗ ಸೆರಗು ನೋಡಿ ಮರುಳಾಗುವವರುಂಟು, ಅಂಚು ನೋಡಿ ಒಪ್ಪುವವರುಂಟು. ಅನುಭವಸ್ಥರು ಮಾತ್ರ ಅದನ್ನು ಮಗುಚಿ ಹಿಂಬದಿಯನ್ನು ನೋಡುತ್ತಾರೆ. ನೇಯ್ಗೆಯ ನಿಜವೆಲ್ಲ ಅಲ್ಲಿರುತ್ತದೆ. ಈಗ ಮನೆಮನೆಗೂ ಬಂದಿರುವ ಚಲಿಸುವ ಗೆರೆಚಿತ್ರಗಳಿಗೆ, ಅಂದರೆ ಆನಿಮೇಷನ್ನುಗಳಿಗೆ, ಹಾಗೆ ಮಗುಚಿ ನೋಡಲು ಹಿಂಬದಿಯೇ ಇಲ್ಲ. ಆದ್ದರಿಂದ ಮೇಲೆ ಬರೆದ ಸಂಖ್ಯೆಯನ್ನೇ ಗುಣವೆಂದು ನಂಬುವ ರೂಢಿ ಬೆಳೆದಿದೆ. "ಇದು 4ಕೆ" ಎಂದರೆ ಸಾಕು, ನಾವೆಲ್ಲ ತಲೆದೂಗಿಬಿಡುತ್ತೇವೆ.

ಇದೊಂದು ಕ್ಷುಲ್ಲಕ ವಿಷಯವೆಂದು ವಾಚಕರು ತಿಳಿಯಬಾರದು. ನಮ್ಮ ಓಝರಿನ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಆಟದಲ್ಲಿ ಹಿಂದಿ ಆಡುತ್ತಾರೆ, ಪುಸ್ತಕದಲ್ಲಿ ಇಂಗ್ಲಿಷ್ ಓದುತ್ತಾರೆ. ಅನೇಕರಿಗೆ ಕನ್ನಡದ ಅಕ್ಷರ ಮೊದಲು ಕಾಣುವುದು ಮನೆಯ ದೂರದರ್ಶನದಲ್ಲಿ ಇಲ್ಲವೆ ರಾಜ್ಯೋತ್ಸವದ ಸಭೆಯ ಪರದೆಯಲ್ಲಿ. ಪರದೆಯೇ ಅಕ್ಷರದ ಗುರುವಾದ ಮೇಲೆ, ಆ ಗುರುವಿನ ಕೈಬರಹ ಹೇಗಿದೆಯೆಂದು ವಿಚಾರಿಸುವುದು ತಾಯಿತಂದೆಗಳ ಕರ್ತವ್ಯವಲ್ಲವೆ?

ಮೊದಲು ಚಿತ್ರದ ಜಾತಿಯನ್ನು ತಿಳಿಯೋಣ. ಯಂತ್ರದ ಚಿತ್ರಗಳಲ್ಲಿ ಎರಡು ಬಗೆ. ಒಂದು ನಮ್ಮ ಧಾರವಾಡದ ಕಸೂತಿಯಂತೆ. ಅಲ್ಲಿ ಬಟ್ಟೆಯ ಎಳೆಯನ್ನು ಎಣಿಸಿ ಹೊಲಿಗೆ ಹಾಕಬೇಕು. ಗೋಪುರವಾಗಲಿ ನವಿಲಾಗಲಿ, ಎಣಿಕೆಗೆ ಸಿಕ್ಕಿದಷ್ಟೇ. ಹತ್ತಿರದಿಂದ ನೋಡಿದರೆ ಓರೆಗೆರೆಯೆಲ್ಲ ಮೆಟ್ಟಿಲು ಮೆಟ್ಟಿಲು. ಫೋಟೋ ಎಂಬುದು ಈ ಜಾತಿಯದು. ಅದರ ಒಂದೊಂದು ಹೊಲಿಗೆಯ ಹೆಸರು ಪಿಕ್ಸೆಲ್. ಇನ್ನೊಂದು ಬಗೆ ಚುಕ್ಕಿ ರಂಗೋಲಿಯಂತೆ. ಇಷ್ಟು ಚುಕ್ಕಿ, ಇಲ್ಲಿಂದ ಅಲ್ಲಿಗೆ ಇಂಥ ಬಾಗಿನ ಎಳೆ, ಇಷ್ಟೇ ಲೆಕ್ಕ. ಹೊಸಿಲಿನ ಮುಂದೆ ಗೇಣುದ್ದ ಬಿಡಿಸಿ, ಗುಡಿಯ ಅಂಗಳದಲ್ಲಿ ಮಾರುದ್ದ ಬಿಡಿಸಿ, ರಂಗೋಲಿ ಅದೇ. ಇದೇ ವೆಕ್ಟರ್ ಚಿತ್ರ.

ರಂಗೋಲಿಯ ಲೆಕ್ಕವನ್ನು ಕೊನೆಗೆ ಪರದೆಯ ಕಸೂತಿಗೆ ಇಳಿಸಲೇಬೇಕು. ಪರದೆಗೆ ಪಿಕ್ಸೆಲ್ಲಲ್ಲದೆ ಬೇರೆ ಭಾಷೆ ತಿಳಿಯದು. ಹೀಗೆ ಇಳಿಸುವ ಕೆಲಸಕ್ಕೆ ರೆಂಡರ್ ಎನ್ನುತ್ತಾರೆ. ಒಳ್ಳೆಯದೂ ಕೆಟ್ಟದೂ ಹುಟ್ಟುವುದು ಬಹುಮಟ್ಟಿಗೆ ಈ ಇಳಿಸುವಿಕೆಯಲ್ಲಿ.

ಗೆರೆಯ ವಿಷಯದಲ್ಲಿ ನಾಲ್ಕು ಮಾತಾಡಲು ಓಝರಿಗೆ ಸ್ವಲ್ಪ ಅಧಿಕಾರವುಂಟು. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ 1964ರಲ್ಲಿ ಹಿಂದುಸ್ತಾನ್ ಏರೋನಾಟಿಕ್ಸ್ ಆಯಿತು. ಮಿಗ್ ವಿಮಾನಗಳಿಗಾಗಿ ಎದ್ದ ಓಝರಿನ ಕಾರ್ಖಾನೆ ಅದರದೇ ಅಂಗ. ಅದರ ಬೆನ್ನು ಹಿಡಿದು ಕನ್ನಡದ ಸಂಸಾರಗಳೂ ಗೋದಾವರಿಯ ಸೀಮೆಗೆ ಬಂದವು. ವಿಮಾನದ ಮೈಯಲ್ಲಿ ನೇರ ಗೆರೆ ಕಡಿಮೆ, ಬಾಗುಗಳೇ ಹೆಚ್ಚು. ಗಣಕಯಂತ್ರ ಬರುವ ಮುಂಚೆ ಇಂಥ ಬಾಗನ್ನು ಬರೆಯಲು ಬಳುಕುವ ತೆಳು ಮರದ ಪಟ್ಟಿಯನ್ನು ಬಗ್ಗಿಸಿ, ಅಲ್ಲಲ್ಲಿ ಸೀಸದ ಭಾರವಿಟ್ಟು, ವಿಮಾನದಷ್ಟೇ ದೊಡ್ಡದಾಗಿ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು. ಫ್ರಾನ್ಸಿನ ಮೋಟಾರು ಕಾರ್ಖಾನೆಗಳಲ್ಲಿ ಈ ಬಗೆಯ ಬಾಗನ್ನು ಗಣಿತಕ್ಕೆ ಹಿಡಿದವರು ಇಬ್ಬರು: ಸಿಟ್ರೊಯೆನ್‌ನ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ, ರೆನೊ ಕಾರ್ಖಾನೆಯ ಪಿಯರ್ ಬೆಜಿಯೆ 1960ರ ದಶಕದಲ್ಲಿ. ಇಂದು ಮಕ್ಕಳ ಚಿತ್ರದ ಮೊಲದ ಕಿವಿಯೂ ಪರದೆಯ ಮೇಲಿನ 'ಅ' ಅಕ್ಷರದ ಹೊಟ್ಟೆಯೂ ಆ ಬಾಗುಗಳಿಂದಲೇ ಆದವು. ಕಾರ್ಖಾನೆಯ ಗೆರೆ ತೊಟ್ಟಿಲ ಬಳಿಗೆ ಬಂದಿದೆ!

ಇನ್ನು ಪರೀಕ್ಷೆಗೆ ಬರೋಣ. ಸಾಮಾನ್ಯ ಪೂರ್ಣ ಪರದೆಯಲ್ಲಿ ಅಡ್ಡ 1920, ಉದ್ದ 1080, ಒಟ್ಟು 20,73,600 ಪಿಕ್ಸೆಲ್. 4ಕೆ ಎಂಬುದರಲ್ಲಿ 3840ಕ್ಕೆ 2160, ಅಂದರೆ 82,94,400. ಸರಿಯಾಗಿ ನಾಲ್ಕು ಪಟ್ಟು. ಆದರೆ ಚೀಲ ದೊಡ್ಡದಾದ ಮಾತ್ರಕ್ಕೆ ಒಳಗೆ ಅಕ್ಕಿ ಹೆಚ್ಚಿರಬೇಕೆಂದಿಲ್ಲ. 1280ಕ್ಕೆ 720ರ ಅಳತೆಯಲ್ಲಿ ಇಳಿಸಿದ ಚಿತ್ರವನ್ನು ಮೂರು ಪಟ್ಟು ಹಿಗ್ಗಿಸಿ 4ಕೆ ಎಂದು ಹಂಚುವವರುಂಟು. ರಂಗೋಲಿಯ ಲೆಕ್ಕ ಕೈಯಲ್ಲಿದ್ದವರು ದೊಡ್ಡ ಅಂಗಳಕ್ಕೆ ಹೊಸದಾಗಿ ಬಿಡಿಸಬೇಕೇ ಹೊರತು, ಸಣ್ಣದರ ಫೋಟೋ ಹಿಗ್ಗಿಸಬಾರದು. ಮೋಸ ಹಿಡಿಯುವುದು ಸುಲಭ. ಚಿತ್ರವನ್ನು ನಿಲ್ಲಿಸಿ, ಕಪ್ಪು ಗೆರೆಯ ಅಂಚನ್ನು ಹತ್ತಿರದಿಂದ ನೋಡಿ. ನಿಜವಾದ 4ಕೆಯಲ್ಲಿ ಕಪ್ಪಿನಿಂದ ಬಿಳಿಗೆ ಹೋಗುವ ನಸುಬೂದು ಒಂದು ಪಿಕ್ಸೆಲ್ಲಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಹಿಗ್ಗಿಸಿದ್ದರಲ್ಲಿ ಅದು ಮೂರು ನಾಲ್ಕು ಪಿಕ್ಸೆಲ್ ಹರಡಿ, ಶಾಯಿ ಹೀರಿದ ಕಾಗದದಂತೆ ಕಾಣುತ್ತದೆ. ಆ ನಸುಬೂದು ಸ್ವಲ್ಪವೂ ಇರದಿದ್ದರೆ ಅದೂ ದೋಷವೇ. ಓರೆಗೆರೆ ಕಸೂತಿಯ ಮೆಟ್ಟಿಲಾಗುತ್ತದೆ.

ಎರಡನೆಯದು ಸಂದು. ಪಕ್ಕಪಕ್ಕದ ಎರಡು ಬಣ್ಣಗಳು ಒಂದೇ ಗಡಿಯನ್ನು ಹಂಚಿಕೊಂಡಾಗ, ಯಂತ್ರ ಎರಡರ ಅಂಚನ್ನೂ ಬೇರೆಬೇರೆಯಾಗಿ ಮೃದು ಮಾಡುತ್ತದೆ. ನಡುವೆ ಹಿಂದಿನ ಬಣ್ಣ ಕೂದಲೆಳೆಯಂತೆ ಇಣುಕುತ್ತದೆ. ಜಾಣ ಚಿತ್ರಕಾರರು ದರ್ಜಿಗಳಂತೆ ಒಂದು ಬಣ್ಣವನ್ನು ಇನ್ನೊಂದರ ಕೆಳಗೆ ತುಸು ಮಡಿಸಿಡುತ್ತಾರೆ.

ಮೂರನೆಯದು ಆಕಾಶ. ಸಾಮಾನ್ಯ ಕಡತದಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು ಮಾತ್ರ. ಸಂಜೆಯ ಆಕಾಶ ಅವುಗಳಲ್ಲಿ 32ನ್ನಷ್ಟೇ ಬಳಸಿ 3840 ಪಿಕ್ಸೆಲ್ ಅಗಲಕ್ಕೂ ಹರಡಿದರೆ ಒಂದೊಂದು ಪಟ್ಟೆ 120 ಪಿಕ್ಸೆಲ್. ಆಗ ಆಕಾಶ ಜಮಖಾನದ ಪಟ್ಟೆಯಂತಾಗುತ್ತದೆ. ಸೋಜಿಗವೆಂದರೆ, ಪರದೆ ದೊಡ್ಡದಾದಷ್ಟೂ ಈ ಪಟ್ಟೆ ಅಗಲವಾಗುತ್ತದೆ.

ನಾಲ್ಕನೆಯದು ಚಲನೆ. ನಿಂತಾಗ ಚೆಲುವಾಗಿದ್ದ ತೆಳುಗೆರೆ ನಿಧಾನವಾಗಿ ಸರಿಯುವಾಗ ಇರುವೆ ಸಾಲಿನಂತೆ ಮಿಣಮಿಣ ಎನ್ನಬಹುದು. ಆದುದರಿಂದ ನಿಲ್ಲಿಸಿಯೂ ನೋಡಬೇಕು, ಓಡಿಸಿಯೂ ನೋಡಬೇಕು.

ಐದನೆಯದು ನಮಗೆ ತೀರ ಹತ್ತಿರದ್ದು: ನಮ್ಮ ಬಾವುಟದ ಅರಿಸಿನ ಕುಂಕುಮ. ಸಾಮಾನ್ಯ ವಿಡಿಯೋ ಕಡತಗಳು ಜಾಗ ಉಳಿಸಲು ಬೆಳಕನ್ನು ಪ್ರತಿ ಪಿಕ್ಸೆಲ್ಲಿಗೂ, ಬಣ್ಣವನ್ನು ನಾಲ್ಕು ಪಿಕ್ಸೆಲ್ಲಿಗೊಮ್ಮೆಯೂ ಬರೆದಿಡುತ್ತವೆ. ಹಳದಿಯ ಮೇಲೆ ಕೆಂಪು ಅಕ್ಷರ ಬರೆದರೆ ಅಂಚಿನಲ್ಲಿ ಕುಂಕುಮ ಕಲೆಸಿದಂತಾಗುವುದು ಇದರಿಂದಲೇ. ಅಕ್ಷರವನ್ನು ದಪ್ಪವಾಗಿ ಬರೆಯುವುದು, ಸುತ್ತ ಗಾಢವಾದ ಗೆರೆ ಕಟ್ಟುವುದು ಇದಕ್ಕೆ ಮದ್ದು.

ಅಕ್ಷರದ ಮಾತು ಬಂದಿತು. ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಇಂಗ್ಲಿಷ್ ಅಕ್ಷರಕ್ಕೆ ಸಾಕಾಗುವ ಅಳತೆ ಕನ್ನಡಕ್ಕೆ ಸಾಲದು. ನಮ್ಮ ಒತ್ತಕ್ಷರಗಳು ಕಾಲ ಬಳಿ ಕುಳಿತ ಮಕ್ಕಳಂತೆ ಚಿಕ್ಕವು. ಮಹಾಪ್ರಾಣದ ಸೀಳು ಅದಕ್ಕಿಂತ ಚಿಕ್ಕದು. ಆ ಸೀಳು ಮುಚ್ಚಿಹೋದರೆ ಧನ ದನವಾಗುತ್ತದೆ; ಮನೆಗೆ ಲಕ್ಷ್ಮಿ ಬರುವ ಬದಲು ಎಮ್ಮೆ ಬಂದಂತೆ. ಕೆಲವು ಯಂತ್ರಗಳಿಗೆ ಒತ್ತು ಕೂಡಿಸಲೇ ಬಾರದು. 'ಸ್ತ್ರೀ' ಎಂಬುದನ್ನು ಮೂರು ತುಂಡು ಮಾಡಿ ಸಾಲಾಗಿ ನಿಲ್ಲಿಸುತ್ತವೆ. ಯಾವ ಮಾದರಿ ಬಂದರೂ ಮೊದಲು 'ಸ್ತ್ರೀ', 'ಲಕ್ಷ್ಮಿ', 'ಧನ', 'ಫಲ' ಎಂಬ ನಾಲ್ಕು ಪದಗಳನ್ನು ನೋಡಿರಿ. ಅವು ಗೆದ್ದರೆ ಉಳಿದವು ಗೆದ್ದಂತೆಯೇ.

ಎಲ್ಲಿ ಕುಳಿತು ನೋಡಬೇಕೆಂಬುದೂ ಪರೀಕ್ಷೆಯ ಭಾಗ. ಒಳ್ಳೆಯ ಕಣ್ಣು ಹತ್ತಡಿ ದೂರದಿಂದ ಸುಮಾರು 0.9 ಮಿಲಿಮೀಟರಿಗಿಂತ ಸಣ್ಣದನ್ನು ಬಿಡಿಸಿ ಕಾಣಲಾರದು. 43 ಅಂಗುಲದ ದೂರದರ್ಶನದಲ್ಲಿ ಸಾಮಾನ್ಯ ಪಿಕ್ಸೆಲ್ಲೇ ಅರ್ಧ ಮಿಲಿಮೀಟರು. ಅಷ್ಟು ದೂರದ ಸೋಫಾದಲ್ಲಿ ಕುಳಿತವರಿಗೆ 4ಕೆಯಿಂದ ಲಾಭ ಅತ್ಯಲ್ಪ. ಸಭಾಭವನದ ಹತ್ತಡಿ ಅಗಲದ ಪರದೆಯಲ್ಲಾದರೆ ಸಾಮಾನ್ಯ ಪಿಕ್ಸೆಲ್ 1.6 ಮಿಲಿಮೀಟರ್, 4ಕೆಯದು 0.8. ಇಪ್ಪತ್ತೈದು ಅಡಿ ಹಿಂದೆ ಕುರ್ಚಿಯಲ್ಲಿರುವ ಹಿರಿಯರಿಗೆ ಎರಡೂ ಒಂದೇ. ಆರಡಿ ದೂರದಲ್ಲಿ, ಜಮಖಾನದ ಮೇಲೆ, ತಲೆಯೆತ್ತಿ ಕುಳಿತ ಮಕ್ಕಳಿಗೆ ಮಾತ್ರ ಎಲ್ಲವೂ ಕಾಣುತ್ತದೆ. ಚಿತ್ರ ಯಾರಿಗಾಗಿಯೋ ಅವರೇ ಮುಂದಿನ ಸಾಲಿನವರು. ಆರಿಸುವ ಅಧಿಕಾರವಿರುವವರು ಕೊನೆಯ ಸಾಲಿನವರು! ಸಂಘದ ಹಿರಿಯರು ಮಾದರಿಯನ್ನು ಒಪ್ಪುವ ಮುಂಚೆ ಹತ್ತು ನಿಮಿಷ ಜಮಖಾನದ ಮೇಲೆ ಕುಳಿತು ನೋಡಲೆಂದು ನಮ್ಮ ವಿಜ್ಞಾಪನೆ. ಮಂಡಿನೋವಿನವರಿಗೆ ಮೋಡ ಹಾಕಿಕೊಡೋಣ, ಆದರೆ ಜಾಗ ಮುಂದೆಯೇ ಇರಲಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಗೆರೆ ಚೊಕ್ಕವಾದ ಮಾತ್ರಕ್ಕೆ ಚಿತ್ರ ಜೀವಂತವಾಗುವುದಿಲ್ಲ. ನಮ್ಮ ಇದೇ ಜಿಲ್ಲೆಯ ತ್ರ್ಯಂಬಕದಲ್ಲಿ 1870ರಲ್ಲಿ ಹುಟ್ಟಿ, 1944ರಲ್ಲಿ ನಾಸಿಕದಲ್ಲಿ ತೀರಿಕೊಂಡ ದಾದಾಸಾಹೇಬ ಫಾಲ್ಕೆಯವರು 1913ರ 'ರಾಜಾ ಹರಿಶ್ಚಂದ್ರ'ಕ್ಕೆ ಮೊದಲೇ ಕುಂಡದ ಬಟಾಣಿ ಬೀಜವೊಂದು ಮೊಳೆತು ಗಿಡವಾಗುವುದನ್ನು ದಿನದಿನವೂ ಚಿತ್ರಿಸಿ, ಒಂದೆರಡು ನಿಮಿಷದ ಚಿತ್ರವಾಗಿ ತೋರಿಸಿದ್ದರು. ಅಂದಿನ ಕ್ಯಾಮರಾಕ್ಕೆ ಇಂದಿನ ಪಿಕ್ಸೆಲ್ಲಿನ ಐಶ್ವರ್ಯವಿರಲಿಲ್ಲ. ಆದರೂ ಬೀಜ ಬೆಳೆಯಿತು, ಹಣ ಕೊಡುವವರಿಗೆ ನಂಬಿಕೆಯೂ ಬಂದಿತು. ಪುಣ್ಯಕೋಟಿಯ ನಡಿಗೆ ಹಸುವಿನ ನಡಿಗೆಯಾಗದಿದ್ದರೆ, ಹುಲಿಯ ಮುಂದೆ ನಿಂತಾಗ ಅವಳ ಕಣ್ಣಿನಲ್ಲಿ ಕರುವಿನ ನೆನಪು ಇಲ್ಲದಿದ್ದರೆ, ಎಂಭತ್ತು ಲಕ್ಷ ಪಿಕ್ಸೆಲ್ ಏನು ಮಾಡೀತು?

ರಂಗೋಲಿ ಎಷ್ಟು ದೊಡ್ಡದು ಎಂದು ನಮ್ಮ ಅಜ್ಜಿಯರು ಕೇಳುತ್ತಿರಲಿಲ್ಲ. ಎಳೆ ಕೂಡಿದೆಯೇ ಎಂದು ಕೇಳುತ್ತಿದ್ದರು. ವೆಕ್ಟರ್ ಚಿತ್ರವನ್ನು ಹಿಗ್ಗಿಸಿದರೆ ಗೆರೆ ಕೆಡುವುದಿಲ್ಲ, ನಿಜ. ಆದರೆ ಎಳೆದವರ ತಪ್ಪೂ ಅಷ್ಟೇ ಸ್ಪಷ್ಟವಾಗಿ ಹಿಗ್ಗುತ್ತದೆ. ಹೊರನಾಡಿನಲ್ಲಿ ಬೆಳೆಯುವ ಮಕ್ಕಳ ಕಣ್ಣಿಗೆ ಬೀಳುವ ಕನ್ನಡ ಹೇಗೂ ಕಡಿಮೆ. ಬಿದ್ದಷ್ಟಾದರೂ ದುಂಡಾಗಿ, ಒತ್ತು ಒತ್ತಿನ ಜಾಗದಲ್ಲಿ, ಸೀಳು ಸೀಳಿನ ಜಾಗದಲ್ಲಿ ಇರುವಂತೆ ನೋಡಿಕೊಳ್ಳೋಣ.