ಥೇಟ್ ಅವರ ಹಾಗೇ ಹಾಡ್ತಾನೆ ಕಣ್ರೀ!

ರೀಮಿಕ್ಸ್ ಅಂದ ಕೂಡಲೇ ಮೂಗು ಮುರಿಯುವ ಚಿತ್ರರಸಿಕ ಮಿತ್ರರೇ, ನಿಮಗೊಂದು ಪ್ರಶ್ನೆ. ‘ಹರಿ ಓಂ ಹರಿ’ ಯಾರ ಹಾಡು?

ಉಷಾ ಉತ್ತುಪ್ ಹಾಡು ಅಂತೀರಿ. ಬಪ್ಪಿ ಲಾಹಿರಿ ಸಂಗೀತ, 1980ರ ‘ಪ್ಯಾರಾ ದುಷ್ಮನ್’ ಚಿತ್ರ. ಸರಿ. ಆದರೆ ಆ ಮಟ್ಟು ಅದಕ್ಕೆ ಸ್ವಲ್ಪ ಮುಂಚೆಯೇ ‘ಇರಪ್ಷನ್’ ಅನ್ನುವ ಡಿಸ್ಕೋ ತಂಡದ ‘ಒನ್ ವೇ ಟಿಕೆಟ್’ ಆಗಿ ಯೂರೋಪನ್ನೆಲ್ಲ ಕುಣಿಸಿತ್ತು. ಅದು ಅವರ ಸ್ವಂತದ್ದಾ? ಅದೂ ಅಲ್ಲ! 1959ರಲ್ಲೇ ಅಮೆರಿಕದ ನೀಲ್ ಸೆಡಾಕಾ ಹಾಡಿಬಿಟ್ಟಿದ್ದ. ಅಮೆರಿಕದಿಂದ ಯೂರೋಪು, ಯೂರೋಪಿನಿಂದ ಬೊಂಬಾಯಿ, ಬೊಂಬಾಯಿಯಿಂದ ಕಡೂರಿನ ಗಣಪತಿ ಪೆಂಡಾಲು. ಅಲ್ಲಿ ಅದನ್ನು ಹಾಡುತ್ತಿದ್ದವಳು ಬೀರೂರಿನ ಒಬ್ಬ ಹುಡುಗಿ, ಪಕ್ಕದಲ್ಲಿ ಕಾಂಗೋ ಬಾರಿಸುತ್ತಿದ್ದವನು ನಾನು. ಮುಂದೆ ಚಾಪೆ ಹಾಸಿಕೊಂಡು ಕೂತಿದ್ದ ಹುಡುಗರಿಗೆ ಸೆಡಾಕಾನೂ ಗೊತ್ತಿಲ್ಲ, ಇರಪ್ಷನ್ನೂ ಗೊತ್ತಿಲ್ಲ. ಎಷ್ಟೋ ಜನಕ್ಕೆ ಉಷಾ ಉತ್ತುಪ್ ಕೂಡ ಆಮೇಲೆ ಗೊತ್ತಾಗಿದ್ದು. ಅವರ ಪಾಲಿಗೆ ಅದು ಬೀರೂರು ಹುಡುಗಿಯ ಹಾಡು. ಮರುದಿನ ರೇಡಿಯೋದಲ್ಲಿ ನಿಜವಾದ ಹಾಡು ಬಂದಾಗ, “ಯಾರೋ ನಮ್ಮ ಹುಡುಗಿ ಥರಾನೇ ಹಾಡ್ತಾಳೆ” ಅಂದವನನ್ನು ನಾನು ಕಣ್ಣಾರೆ ಕಂಡಿದ್ದೇನೆ!

1986ರಿಂದ 1998ರವರೆಗೆ ನಾನು ಆರ್ಕೆಸ್ಟ್ರಾದವನು. ಕಡೂರು, ತರೀಕೆರೆ, ಅಜ್ಜಂಪುರ, ಈ ಮೂರು ಊರೇ ನಮ್ಮ ರಾಜ್ಯ. ನಡುವೆ ಬೀರೂರು ಜಂಕ್ಷನ್. ಅಲ್ಲಿಂದ ಒಂದು ಹಳಿ ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿ ಕಡೆಗೆ. ಗಣಪತಿ ಹಬ್ಬ, ದಸರಾ, ನವೆಂಬರಿನ ರಾಜ್ಯೋತ್ಸವ, ಬೇಸಿಗೆಯಲ್ಲಿ ಜಾತ್ರೆ, ನಡುನಡುವೆ ಮದುವೆ. ಬಾಡಿಗೆ ಮೆಟಡೋರಿನಲ್ಲಿ ಆಂಪ್ಲಿಫೈಯರು, ಬಾಕ್ಸು, ಡ್ರಮ್ಮು, ಅವುಗಳ ಮೇಲೆ ನಾವು. ಕಾರ್ಯಕ್ರಮ ಮುಗಿಯುವಾಗ ರಾತ್ರಿ ಒಂದೂವರೆ. ಮೆಟಡೋರಿನವನು ಕೈಕೊಟ್ಟರೆ ಬೀರೂರು ಪ್ಲಾಟ್‌ಫಾರಮ್ಮೇ ಹಾಸಿಗೆ.

ಹಾಡು ಕಲಿಯುತ್ತಿದ್ದದ್ದು ಕ್ಯಾಸೆಟ್ಟಿನಿಂದ. ನೋಟೇಶನ್ ಗೀಟೇಶನ್ ಏನೂ ಇಲ್ಲ. ಒಂದು ಸಾಲು ಕೇಳು, ನಿಲ್ಲಿಸು, ಹಿಂದಕ್ಕೆ ಓಡಿಸು, ಮತ್ತೆ ಕೇಳು. ಟೇಪು ಸುತ್ತಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸು. ‘ಪ್ರೇಮಲೋಕ’ದ ಕ್ಯಾಸೆಟ್ಟು 1987ರಲ್ಲಿ ಬಂದಾಗ ಹಂಸಲೇಖರ ಒಂದೊಂದು ತಾಳ ಹಿಡಿಯೋದಕ್ಕೂ ನಮಗೆ ಬೆವರು ಕಿತ್ತುಬಂತು. ಇಂಗ್ಲಿಷ್ ಹಾಡಾದರೆ ನೂರು ಪುಟದ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುವುದು.

ಹಾಗೆ ಬರೆದುಕೊಂಡ ಮೊದಲ ಇಂಗ್ಲಿಷ್ ಹಾಡು ಯಾವುದು ಗೊತ್ತೆ? ಬೀಟಲ್ಸ್ ಅಲ್ಲ, ಎಲ್ವಿಸ್ ಅಲ್ಲ. ನಮ್ಮ ಅಣ್ಣಾವ್ರದ್ದು! 1978ರ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದ ‘ಇಫ್ ಯು ಕಮ್ ಟುಡೆ’, ಸಂಗೀತ ಜಿ. ಕೆ. ವೆಂಕಟೇಶ್. ಎಷ್ಟೋ ವರ್ಷ ಪಿ. ಬಿ. ಶ್ರೀನಿವಾಸ್ ಕಂಠಕ್ಕೆ ತುಟಿ ಆಡಿಸಿದ ರಾಜಕುಮಾರ್, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ಎಮ್ಮೆ ಮೇಲೆ ಕೂತು ಸ್ವಂತ ಕಂಠದಲ್ಲಿ ಹಾಡಿ ನಾಡನ್ನೇ ಕುಣಿಸಿದರು. ನಾಲ್ಕೇ ವರ್ಷಕ್ಕೆ ಅದೇ ಕಂಠ ಇಂಗ್ಲಿಷಿನಲ್ಲಿ! ಶಾಲೆಯನ್ನು ಎಳವೆಯಲ್ಲೇ ಬಿಟ್ಟ ಮನುಷ್ಯ, ಗುಬ್ಬಿ ಕಂಪನಿಯ ಗರಡಿಯಲ್ಲಿ ಬೆಳೆದ ಶಾರೀರ. ಆ ಹಾಡಿನಲ್ಲಿ ಅವರು ಯಾವ ಬಿಳಿಯನನ್ನೂ ಅನುಕರಿಸಲಿಲ್ಲ. ರಾಜಕುಮಾರ್ ಆಗಿಯೇ ಇಂಗ್ಲಿಷ್ ಹಾಡಿದರು. ಎಷ್ಟೋ ವರ್ಷದ ಮೇಲೆ ಇಂಟರ್‌ನೆಟ್ಟಿನಲ್ಲಿ ಕನ್ನಡವೇ ಬಾರದ ಹುಡುಗರು ಅದನ್ನು ಹಂಚಿಕೊಂಡು ನಕ್ಕರಂತೆ. ನಗಲಿ ಬಿಡಿ. ಅಜ್ಜಂಪುರದಲ್ಲಿ ಆ ಹಾಡಿಗೆ ಯಾರೂ ನಗುತ್ತಿರಲಿಲ್ಲ, ಟವೆಲ್ ತೂರುತ್ತಿದ್ದರು.

ಮಟ್ಟು ಕದಿಯುವ ವಿಷಯಕ್ಕೆ ಬರೋಣ. 1965ರ ಹಿಂದಿ ‘ಜಾನ್ವರ್’ನಲ್ಲಿ ಶಮ್ಮಿ ಕಪೂರ್ ಕುಣಿದ ಒಂದು ಹಾಡು ಬೀಟಲ್ಸರ ‘ಐ ವಾಂಟ್ ಟು ಹೋಲ್ಡ್ ಯುವರ್ ಹ್ಯಾಂಡ್’ನ ನೇರ ಭಟ್ಟಿ. ‘ಶೋಲೆ’ಯ ‘ಮೆಹಬೂಬಾ’ ಡೆಮಿಸ್ ರೂಸೋಸ್ ಹಾಡಿನ ಮಟ್ಟು. ‘ಡಿಸ್ಕೋ ಡ್ಯಾನ್ಸರ್’ (1982) ಬಗ್ಗೆ ಕೇಳಲೇಬೇಡಿ. ಇತ್ತ ಇಳಯರಾಜ 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಮಾಡಿದ ‘ಜೊತೆಯಲಿ’ ಮುಂದೆ ತಮಿಳಿಗೆ ಹೋಗಿ, 2007ರ ‘ಚೀನಿ ಕಮ್’ನಲ್ಲಿ ಹಿಂದಿಯಾಗಿಯೂ ಬಂತು. ಅದು ಅವರದೇ ಸ್ವತ್ತು, ಕಳ್ಳತನವಲ್ಲ. ಆದರೂ ಹಿಂದಿಯಲ್ಲಿ ಕೇಳಿದಾಗ ಪಕ್ಕದ ಮನೆಯವರು ನಮ್ಮ ಸೈಕಲ್ಲಿನಲ್ಲಿ ಹೋಗುತ್ತಿರುವ ಹಾಗೆ ನನ್ನ ಹೊಟ್ಟೆಯಲ್ಲಿ ಏನೋ ಆಯ್ತು, ನಿಜ ಹೇಳ್ತೀನಿ. 2005ರಲ್ಲಿ ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡ ಕಲ್ಯಾಣ್‌ಜಿ-ಆನಂದ್‌ಜಿ ಅವರ ಹಳೆಯ ‘ಡಾನ್’ ಹಾಡಿನ ತುಣುಕನ್ನು ತಮ್ಮ ಹಾಡಿಗೆ ಹೊಲಿದುಕೊಂಡಿತು. ಅಲ್ಲಿಗೆ ಲೆಕ್ಕ ಸಮ!

ಆದರೆ ಕದಿಯುವುದು ಬೇರೆ, ಮತ್ತೆ ಹಾಡುವುದು ಬೇರೆ. ಅಮೆರಿಕದ ಕರಿಯರ ಚರ್ಚುಗಳ ಹಾಡಿಕೆಯಿಂದ ಬೆಳೆದ ಸಂಗೀತಕ್ಕೆ ‘ಸೋಲ್’ ಅನ್ನುತ್ತಾರೆ. ಅಲ್ಲಿ ಓಟಿಸ್ ರೆಡ್ಡಿಂಗ್ ಅಂತ ಒಬ್ಬ ಗಾಯಕ. 1965ರಲ್ಲಿ ತಾನೇ ಬರೆದು ‘ರೆಸ್ಪೆಕ್ಟ್’ ಹಾಡಿದ. ದುಡಿದು ಮನೆಗೆ ಬರುವ ಗಂಡಸು ಹೆಂಡತಿಯಿಂದ ಮರ್ಯಾದೆ ಕೇಳುವ ಹಾಡು. ಎರಡು ವರ್ಷದ ಮೇಲೆ ಅರೀಥಾ ಫ್ರಾಂಕ್ಲಿನ್ ಅದೇ ಹಾಡನ್ನು ತೆಗೆದುಕೊಂಡಳು. ಹೆಂಗಸು ಹಾಡಿದ ತಕ್ಷಣ ಅರ್ಥ ಉಲ್ಟಾ! ಈಗ ಮರ್ಯಾದೆ ಕೇಳುತ್ತಿರುವವಳು ಹೆಂಡತಿ. ಆ ಶಬ್ದದ ಒಂದೊಂದೇ ಅಕ್ಷರ ಬಿಡಿಸಿ ಹೇಳುವ ಜಾಗ ಇದೆಯಲ್ಲ, ಅದು ಅವಳು ಸೇರಿಸಿದ್ದು. ಇವತ್ತು ಜಗತ್ತಿಗೆ ಆ ಹಾಡು ಅರೀಥಾಳದ್ದು. ಬಾಬ್ ಡಿಲನ್ ಒಂದು ಕೈ ಗಿಟಾರು, ಬಾಯಲ್ಲೊಂದು ಹಾರ್ಮೋನಿಕಾ ಇಟ್ಟುಕೊಂಡು ಸಾದಾ ಹಾಡಿದ ‘ಆಲ್ ಅಲಾಂಗ್ ದ ವಾಚ್‌ಟವರ್’ ಅನ್ನು ಮರುವರ್ಷ, 1968ರಲ್ಲಿ, ಜಿಮಿ ಹೆಂಡ್ರಿಕ್ಸ್ ಬಿರುಗಾಳಿ ಮಾಡಿದ. ಆಮೇಲೆ ಡಿಲನ್ನೇ ವೇದಿಕೆಯ ಮೇಲೆ ಅದನ್ನು ಹೆಚ್ಚುಕಡಿಮೆ ಹೆಂಡ್ರಿಕ್ಸ್ ದಾಟಿಯಲ್ಲಿ ಹಾಡತೊಡಗಿದ!

ನಮ್ಮಲ್ಲಿ? ಶಿಶುನಾಳ ಷರೀಫರ ಪದಗಳನ್ನು ಸಿ. ಅಶ್ವಥ್ ಎದೆಬಿರಿಯೆ ಹಾಡಿದರು. 1990ರ ‘ಸಂತ ಶಿಶುನಾಳ ಷರೀಫ’ ಚಿತ್ರ ನೋಡಿದವರಿಗೆ ಷರೀಫ ಅಂದರೆ ಅದೇ ಕಂಠ. 2008ರಲ್ಲಿ ರಘು ದೀಕ್ಷಿತ್ ಲುಂಗಿ ಉಟ್ಟು, ಗೆಜ್ಜೆ ಕಟ್ಟಿ, ರಾಕ್ ಗಿಟಾರು ಹಿಡಿದು ಅದೇ ಪದಗಳನ್ನು ಹಾಡಿದಾಗ ನಮ್ಮ ಹಿರಿಯರು ಸಿಡುಕಿದ್ದುಂಟು. ನನಗೇನೋ ಇಬ್ಬರೂ ಬೇಕು. ಅಶ್ವಥ್ ಅವರದ್ದು ಬಯಲಿನಲ್ಲಿ ನಿಂತು ಕೂಗಿದ ಹಾಗೆ, ರಘು ಅವರದ್ದು ಬಸ್ಸಿನ ಟಾಪಿನ ಮೇಲೆ ಕೂತು ಹಾಡಿದ ಹಾಗೆ.

ಈಗ ನಮ್ಮ ಗಾಯಕನ ಕಥೆಗೆ ಬರ್ತೀನಿ.

ತರೀಕೆರೆಯವನು. ಹಗಲು ದರ್ಜಿ ಕೆಲಸ, ರಾತ್ರಿ ಎಸ್ಪಿಬಿ. ಉತ್ಪ್ರೇಕ್ಷೆ ಅಲ್ಲ. ಬಾಲು ಸರ್ ನಗುವ ಜಾಗದಲ್ಲಿ ನಗು, ಉಸಿರು ಎಳೆಯುವ ಜಾಗದಲ್ಲಿ ಉಸಿರು, ಎಲ್ಲ ಪಡಿಯಚ್ಚು. ಕಣ್ಣು ಮುಚ್ಚಿ ಕೇಳಿದರೆ ಟೇಪ್‌ರೆಕಾರ್ಡರ್ ಇಟ್ಟ ಹಾಗೆ. ಸಮಿತಿಯವರು ಬುಕ್ ಮಾಡುವಾಗ ನಮ್ಮ ತಂಡದ ಹೆಸರು ಕೇಳುತ್ತಿರಲಿಲ್ಲ, “ಎಸ್ಪಿಬಿ ಬರ್ತಾನೇನ್ರೀ?” ಅನ್ನೋರು. ಜನ ಹೊಗಳುತ್ತಿದ್ದದ್ದೂ ಒಂದೇ ಮಾತಿನಲ್ಲಿ: “ಥೇಟ್ ಅವರ ಹಾಗೇ ಹಾಡ್ತಾನೆ ಕಣ್ರೀ!” ಆ ಮಾತು ಕೇಳಿದಾಗ ಅವನು ಕೈ ಮುಗಿಯುತ್ತಿದ್ದ. ವರ್ಷ ಕಳೆದ ಹಾಗೆ ಕೈ ಮುಗಿಯುವುದು ಸ್ವಲ್ಪ ಸ್ವಲ್ಪ ತಡವಾಗತೊಡಗಿತು. ಪಕ್ಕದಲ್ಲಿ ಕೂತ ನನಗೆ ಅದು ಕಾಣುತ್ತಿತ್ತು.

ಅವನ ಅಪ್ಪ ಊರಿನ ಭಜನೆ ಮೇಳದಲ್ಲಿ ಹಾರ್ಮೋನಿಯಂ ಹಿಡಿದವರು. 1994ರ ರಾಜ್ಯೋತ್ಸವ, ಅಜ್ಜಂಪುರ. ಆ ವರ್ಷ ಅಪ್ಪ ತೀರಿಕೊಂಡಿದ್ದರು. ಇವನು ಹಾರ್ಮೋನಿಯಂ ಹೊತ್ತುಕೊಂಡು ಬಂದಿದ್ದ. ‘ಬಂಧನ’ದ ‘ನೂರೊಂದು ನೆನಪು’ ಹಾಡುವ ಸರದಿ ಬಂದಾಗ ಕೀಬೋರ್ಡಿನವನಿಗೆ “ನೀನು ಸುಮ್ನಿರೋ” ಅಂದ. ನನಗೆ “ಬೆರಳ ತುದೀಲಿ ಸಾಕು” ಅಂದ. ಎಂ. ರಂಗರಾವ್ ಕೂರಿಸಿದ ವೇಗದ ಅರ್ಧಕ್ಕೆ ಇಳಿಸಿ, ಭಜನೆ ಪದದ ಹಾಗೆ, ತನ್ನದೇ ಕಂಠದಲ್ಲಿ ಶುರು ಮಾಡಿದ. ಎಂಟು ವರ್ಷ ಜೊತೆಗಿದ್ದ ನಾನು ಅವತ್ತೇ ಆ ಕಂಠ ಮೊದಲು ಕೇಳಿದ್ದು. ಸ್ವಲ್ಪ ಒರಟು, ಮೂಗಿನ ಎಳೆ ಇರುವ ಕಂಠ.

ವಿಷ್ಣು ಅಭಿಮಾನಿಗಳು ಬಿಡ್ತಾರಾ? ಹಿಂದಿನಿಂದ ಕೂಗು: “ಒರಿಜಿನಲ್ ಹಾಡೋ! ಸಾಹಸಸಿಂಹನ ಹಾಡನ್ನ ಸಾಯಿಸ್ತಿದೀಯಲ್ಲೋ!” ಶಿಳ್ಳೆ, ಗಲಾಟೆ. ಅವನು ನಿಲ್ಲಿಸಲಿಲ್ಲ. ಎರಡನೇ ಚರಣದಲ್ಲಿ ಒಂದು ಪದ ಹಿಡಿದು ಎಳೆದ ನೋಡಿ, ಎಲ್ಲಿ ಇಳಿಯುತ್ತಾನೋ ತಿಳಿಯದೆ ನಾನು ಅವನ ಮುಖವನ್ನೇ ನೋಡುತ್ತಾ ಕೈ ಗಾಳಿಯಲ್ಲಿ ಹಿಡಿದುಕೊಂಡೆ. ಅವನು ಉಸಿರು ಬಿಟ್ಟ. ನನ್ನ ಬೆರಳು ಚರ್ಮಕ್ಕೆ ಬಿತ್ತು. ಎರಡೂ ಒಂದೇ ಕ್ಷಣ. ಹನ್ನೆರಡು ವರ್ಷ ಬಾರಿಸಿದ್ದರಲ್ಲಿ ನನಗೆ ಲೆಕ್ಕಕ್ಕೆ ಸಿಗೋದು ಆ ಏಟು. ಮುಂದಿನ ಸಾಲಿನ ಹೆಂಗಸರು ಮಾತು ನಿಲ್ಲಿಸಿದ್ದರು.

ಹಾಡು ಮುಗಿದ ಮೇಲೆ ಹತ್ತು ರೂಪಾಯಿ ನೋಟಿನ ಜೊತೆ ಒಂದು ಚೀಟಿ ಬಂತು. ‘ಅದೇ ಹಾಡು. ಕ್ಯಾಸೆಟ್ ಥರ.’

ಹಾಡಿದ. ಕ್ಯಾಸೆಟ್ ಥರ. ಶಿಳ್ಳೆಗೆ ಪೆಂಡಾಲು ಹಾರಿಹೋಗೋದೊಂದು ಬಾಕಿ. ಲೆಕ್ಕ ಚುಕ್ತಾ ಮಾಡುವಾಗ ಸಮಿತಿಯವರು ಮುನ್ನೂರು ರೂಪಾಯಿ ಮುರಿದುಕೊಂಡರು. ಒಂದೇ ಹಾಡು ಎರಡು ಸಲ ಹಾಡಿ ಟೈಮ್ ತಿಂದಿರಂತೆ!

ಆ ರಾತ್ರಿ ಬೀರೂರು ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತಾ ಅವನು ಬೈಯಲಿಲ್ಲ, ಅಳಲೂ ಇಲ್ಲ. “ಜನದ್ದೇನೂ ತಪ್ಪಿಲ್ಲ ಕಣೋ. ಎಂಟು ವರ್ಷದಿಂದ ನಾನೇ ಅಲ್ವಾ ಕ್ಯಾಸೆಟ್ ಮಾರಿದ್ದು” ಅಂದ.

ಥೇಟ್ ಹಾಡುವುದರಿಂದಲೇ ಮೇಲೆ ಬಂದವರೂ ಇದ್ದಾರೆ. ಆಗಿನ ಕಾನೂನಿನಲ್ಲಿ ಹಾಡು ಬಂದು ಎರಡು ವರ್ಷ ಆದ ಮೇಲೆ ರಾಯಧನ ಕಟ್ಟಿ, ಬೇರೆಯವರಿಂದ ಹಾಡಿಸಿ ಕ್ಯಾಸೆಟ್ ಮಾಡಬಹುದಿತ್ತು. ಹಾಗೆ ಟಿ-ಸೀರಿಸ್ ಕಂಪನಿಗೆ ರಫಿ ಹಾಡುಗಳನ್ನು ಹಾಡಿ ಹೆಸರಾದ ಹುಡುಗ ಸೋನು ನಿಗಮ್. ಮುಂದೆ ತನ್ನದೇ ಕಂಠ ಕಂಡುಕೊಂಡು, 2006ರ ‘ಮುಂಗಾರು ಮಳೆ’ಯಲ್ಲಿ ಕನ್ನಡಿಗರ ಎದೆಗೇ ಬಂದ. (2025ರ ಗಲಾಟೆ ಇಲ್ಲಿ ಬೇಡ, ಅದು ಬೇರೆ ಅಧ್ಯಾಯ.) 2012ರ ತಿದ್ದುಪಡಿಯಲ್ಲಿ ಆ ಎರಡು ವರ್ಷ ಐದಾಯಿತು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕೆಂದಾಯಿತು. ಕವಿಗೂ ಸಂಗೀತಗಾರನಿಗೂ ಒಳ್ಳೆಯದೇ. ಅಂದಹಾಗೆ, ಈ ದಾರಿಯಲ್ಲಿ ಹೋದವರು ಮೂಲ ಹಾಡನ್ನು ಬೇಕಾದ ಹಾಗೆ ಬದಲಾಯಿಸುವಂತಿಲ್ಲ ಅಂತಲೂ ಕಾಯ್ದೆ ಹೇಳುತ್ತದೆ. ಅಜ್ಜಂಪುರದ ಹಿಂದಿನ ಸಾಲಿನವರೂ ಅದನ್ನೇ ಕೂಗಿದ್ದು!

ಈಗ ಮೂರೂ ಊರಲ್ಲಿ ಆರ್ಕೆಸ್ಟ್ರಾ ಕರೆಸುವವರು ಕಡಿಮೆ. ಒಂದು ಲ್ಯಾಪ್‌ಟಾಪು, ಎರಡು ಬಾಕ್ಸು, ಒಬ್ಬ ಗಾಯಕ. ಕರೋಕೆ ಟ್ರ್ಯಾಕಿನಲ್ಲಿ ನಲವತ್ತು ಪಿಟೀಲಿರುತ್ತೆ, ನಮ್ಮ ಹತ್ತಿರ ಒಂದೂ ಇರಲಿಲ್ಲ. ಶ್ರುತಿ ಏರಿಸು ಇಳಿಸು, ಬೆರಳಲ್ಲೇ ಆಗುತ್ತೆ. ಹುಡುಗರ ರೀಮಿಕ್ಸನ್ನೂ ಕೇಳ್ತೀನಿ, ಕೆಲವು ಚೆನ್ನಾಗಿವೆ. ಪಿಬಿಎಸ್ ಹಾಡಿಗೆ ತಮಟೆ ಸೇರಿಸಿದ ಒಬ್ಬ ಹುಡುಗನಿಗೆ ಕೈ ಮುಗಿಯೋಣ ಅನ್ನಿಸಿತು, ಏಕೆಂದರೆ ಪಿಬಿಎಸ್ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅವನ ತಮಟೆ ಸುಮ್ಮನಿತ್ತು. ಅವನು ಕೇಳಿಸಿಕೊಂಡಿದ್ದಾನೆ. ಉಳಿದವರು ಹಾಡಿನ ತಲೆ ಮೇಲೆ ಕೂತು ಡಬಡಬ ಬಡಿಯುತ್ತಾರೆ.

ನಮ್ಮ ದರ್ಜಿ ಈಗಲೂ ಮದುವೆಗಳಲ್ಲಿ ಟ್ರ್ಯಾಕ್ ಹಾಕಿಕೊಂಡು ಹಾಡುತ್ತಾನೆ. 2020ರ ಸೆಪ್ಟೆಂಬರ್ 25ರಂದು ಬಾಲು ಸರ್ ಹೋದ ಸುದ್ದಿ ಬಂದಾಗ ಎರಡು ದಿನ ಅಂಗಡಿ ಬಾಗಿಲು ತೆಗೆಯಲಿಲ್ಲ. ಈಚೆಗೆ ತರೀಕೆರೆಯಲ್ಲಿ ಒಂದು ಮದುವೆಯಲ್ಲಿ ಸಿಕ್ಕ. ‘ನೂರೊಂದು ನೆನಪು’ ಹಾಡುತ್ತಿದ್ದ. ಎರಡನೇ ಚರಣದಲ್ಲಿ ಅದೇ ಪದ ಎಳೆಯಲು ಹೋದ, ಟ್ರ್ಯಾಕು ನಿಲ್ಲಲಿಲ್ಲ, ಮುಂದಿನ ಸಾಲಿಗೆ ಓಡಿಹೋಯಿತು. ಅವನು ಓಡಿಹೋಗಿ ಹಿಡಿದುಕೊಂಡ. ಊಟಕ್ಕೆ ಕೂತಾಗ ಹೇಳಿದ: “ಟ್ರ್ಯಾಕ್ ನನ್ನ ಮಾತು ಕೇಳಲ್ಲ ಕಣೋ. ನೀನು ಕೇಳ್ತಿದ್ದೆ.”

ಅಟ್ಟದಿಂದ ಕಾಂಗೋ ಇಳಿಸಿದ್ದೇನೆ. ಒಂದರ ಚರ್ಮ ಹರಿದಿದೆ, ಇನ್ನೊಂದನ್ನು ಇಲಿ ಕಡಿದಿದೆ. ಕಡೂರಿನಲ್ಲಿ ತಬಲಾ ರಿಪೇರಿಯವನ ಹತ್ತಿರ ಕೊಟ್ಟು ಬಂದೆ, ಮುಂದಿನ ವಾರ ಬಾ ಅಂದಿದ್ದಾನೆ.