ಕುಸಿಯುವ ದಂಡೆ

ದಕ್ಷಿಣ ಇಂಗ್ಲೆಂಡಿನ ಲೈಮ್ ರೀಜಿಸ್‌ನಲ್ಲಿ ಪಳೆಯುಳಿಕೆ ಹುಡುಕುವವರಿಗೆ ಸುಗ್ಗಿಯೆಂದರೆ ಚಳಿಗಾಲ. ಮಳೆ ಕುಡಿದು ಭಾರವಾದ ಕಡಿದಾದ ದಂಡೆ ಕಡಲಿಗೆ ಜಾರುತ್ತದೆ. ಅಲೆಗಳು ಜೇಡಿಯನ್ನೆಲ್ಲ ತೊಳೆದೊಯ್ದರೆ ಗಟ್ಟಿಯಾದದ್ದು ಮಾತ್ರ ತೀರದಲ್ಲಿ ಉಳಿಯುತ್ತದೆ. ಮೇಲೆ ನೋಡಿದರೆ ಒಂದು ಸಾಲು ಬೂದು ಸುಣ್ಣಕಲ್ಲು, ಒಂದು ಸಾಲು ಕಪ್ಪು ಜೇಡಿ, ಮತ್ತೆ ಸುಣ್ಣಕಲ್ಲು, ಮತ್ತೆ ಜೇಡಿ. ಸುಮಾರು 20 ಕೋಟಿ ವರ್ಷಗಳ ಹಿಂದೆ ಬೆಚ್ಚನೆಯ ಕಡಲಿನ ತಳದಲ್ಲಿ ಕೂತ ಕೆಸರು ಅದು.

ಅದರಲ್ಲಿ ಹೇರಳವಾಗಿ ಸಿಗುವುದು ಅಮೋನೈಟ್. ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿರುವ ಸಾಲಿಗ್ರಾಮದೊಳಗೆ ಇಣುಕಿದರೆ ಕಾಣುವ ಚಕ್ರವೂ ಅದೇ ಕುಲದ ಜೀವಿಯ ಚಿಪ್ಪಿನದು. ನೇಪಾಳದ ಗಂಡಕಿಯಿಂದ ಬರುವ ಆ ಕಲ್ಲು, ಹಿಮಾಲಯ ಏಳುವ ಮೊದಲು ಅಲ್ಲಿ ಕಡಲಿತ್ತೆಂಬುದಕ್ಕೆ ಸಾಕ್ಷಿ. ಇದು ತಿಳಿದ ಮೇಲೆ ಅಭಿಷೇಕದ ಹೊತ್ತಿನಲ್ಲಿ ನನ್ನ ಭಕ್ತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಯಾರ್ಕ್‌ಷೈರಿನ ವಿಟ್‌ಬಿಯಲ್ಲಿ ಅಮೋನೈಟನ್ನೇ ಕಲ್ಲಾದ ಹಾವೆಂದು ನಂಬಿದ್ದರು. ಮಾರುವವರು ಅದಕ್ಕೊಂದು ತಲೆಯನ್ನೂ ಕೆತ್ತುತ್ತಿದ್ದರು.

ಲೈಮ್ ಎಂದೊಡನೆ ನನಗೆ ನೆನಪಾಗುವವಳು ಮೇರಿ ಆನಿಂಗ್. ಹುಟ್ಟಿದ್ದು 1799ರಲ್ಲಿ, ಬಡಗಿಯ ಮಗಳು. ಹನ್ನೊಂದನೆಯ ವಯಸ್ಸಿಗೆ ತಂದೆ ತೀರಿಕೊಂಡ. ಹೆಕ್ಕಿದ್ದನ್ನು ಪ್ರವಾಸಿಗರಿಗೆ ಮಾರಿಯೇ ಮನೆ ನಡೆಯಬೇಕಿತ್ತು. 1811ರಲ್ಲಿ ಅಣ್ಣ ಜೋಸೆಫ್‌ಗೆ ಇಕ್ತಿಯೊಸಾರ್ ಎಂಬ ಕಡಲ ಸರೀಸೃಪದ ತಲೆಬುರುಡೆ ಸಿಕ್ಕಿತು; ಮರುವರ್ಷ ಉಳಿದ ಅಸ್ಥಿಯನ್ನು ಮೇರಿ ಪತ್ತೆಹಚ್ಚಿದಳು. 1823ರಲ್ಲಿ ಅವಳಿಗೆ ಮತ್ತೊಂದು ಕಡಲ ಸರೀಸೃಪವಾದ ಪ್ಲೀಸಿಯೊಸಾರ್ ಇಡಿಯಾಗಿ ಸಿಕ್ಕಿತು. ನನಗೆ ಇವೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಇಕ್ತಿಯೊಸಾರ್‌ನ ಹೊಟ್ಟೆಯ ಭಾಗದಲ್ಲಿ ಗಂಟುಗಂಟಾದ ಕಲ್ಲುಗಳಿರುವುದನ್ನು ಅವಳು ಗಮನಿಸಿದ್ದಳು. ಒಡೆದರೆ ಒಳಗೆ ಮೀನಿನ ಮೂಳೆ, ಹುರುಪೆ. ಅದು ಕಲ್ಲಾದ ಮಲವೆಂದು 1829ರಲ್ಲಿ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಸಾರಿದ. ಅದಕ್ಕೆ ದಾರಿ ತೋರಿದ ಕಣ್ಣು ಮೇರಿಯದು. ಯಾರು ಯಾರನ್ನು ತಿಂದರೆಂಬ ಲೆಕ್ಕ ಅಷ್ಟು ಹಳೆಯ ಕಡಲಿನಿಂದ ಸಿಕ್ಕಿತು!

1833ರಲ್ಲಿ ದಂಡೆ ಕುಸಿದು ಅವಳ ನಾಯಿ ಟ್ರೇ ಸತ್ತಿತು. ಅವಳು ಕೂದಲೆಳೆಯಲ್ಲಿ ಪಾರಾದಳು, ಮತ್ತೆ ಅದೇ ದಂಡೆಗೆ ಹೋದಳು. ಲಂಡನ್ನಿನ ಭೂವಿಜ್ಞಾನ ಸಂಘ ಹೆಂಗಸರಿಗೆ ಸದಸ್ಯತ್ವ ಕೊಟ್ಟದ್ದು 1919ರಲ್ಲಿ. ಮೇರಿ 1847ರಲ್ಲೇ ತೀರಿಕೊಂಡಿದ್ದಳು. ಈ ಅನ್ಯಾಯ ನನಗೆ ಇಂದಿಗೂ ನುಂಗಲಾರದ ತುತ್ತು.

2001ರಲ್ಲಿ ಈ ಕರಾವಳಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಊರಿನ ಮನೆಗಳನ್ನು ಉಳಿಸಲು ತಡೆಗೋಡೆ ಕಟ್ಟಿದ್ದಾರೆ, ಕಟ್ಟಲೇಬೇಕು. ಊರಾಚೆಯ ದಂಡೆ ಮಾತ್ರ ಕುಸಿಯುತ್ತಲೇ ಇರಲಿ. ಅಲ್ಲೂ ಗೋಡೆ ಬಂದರೆ ಹೊಸದೇನೂ ಹೊರಬರುವುದಿಲ್ಲ. ಹಾಗೆಂದು ಹೊರಬಂದದ್ದನ್ನು ಹೆಕ್ಕದೆ ಬಿಟ್ಟರೆ ಅಲೆಗಳೇ ಅದನ್ನು ಪುಡಿಮಾಡುತ್ತವೆ. ಇಂಗ್ಲೆಂಡಿನಲ್ಲಿರುವ ನಮ್ಮವರು ಆ ಕಡೆ ಹೋದರೆ ಇಳಿತದ ವೇಳೆ ನೋಡಿಕೊಂಡು ಹೋಗಿ. ದಂಡೆಯ ಬುಡದಲ್ಲಿ ನಿಲ್ಲಬೇಡಿ, ಬಂಡೆಗೆ ಸುತ್ತಿಗೆ ಹಾಕಬೇಡಿ. ಬಿದ್ದದ್ದನ್ನು ಮಾತ್ರ ಹೆಕ್ಕಿ.