ಹುಣಸೆ ಮರದ ಲೆಕ್ಕ

ತೊಂಬತ್ತರ ದಶಕದಲ್ಲಿ ಕೊಕ್ಕರೆ ಬೆಳ್ಳೂರಿಗೆ ಹೋಗಬೇಕೆಂದರೆ ಮೈಸೂರಿನಲ್ಲಿ ಬೆಂಗಳೂರಿನ ಬಸ್ಸು ಹತ್ತಿ ರುದ್ರಾಕ್ಷಿಪುರದಲ್ಲಿ ಇಳಿಯಬೇಕಿತ್ತು. ಒಳಗಿನ 12 ಕಿಲೋಮೀಟರಿಗೆ ಸಿಕ್ಕಿದ್ದೇ ಗಾಡಿ. ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಎಂಬ ಹವ್ಯಾಸಿಗಳ ಗುಂಪು ಅಲ್ಲಿ ಹೆಜ್ಜಾರ್ಲೆಗಳಿಗಾಗಿ, ಅಂದರೆ ಪೆಲಿಕನ್ ಹಕ್ಕಿಗಳಿಗಾಗಿ, ಕೆಲಸ ಮಾಡುತ್ತಿತ್ತು. ನಮ್ಮಂಥ ಕಾಲೇಜು ಹುಡುಗರು ನೆರವಿಗೆ ಹೋಗುತ್ತಿದ್ದೆವು. ನೆರವೆಂದರೆ ಮುಖ್ಯವಾಗಿ ಮೀನಿನ ಬುಟ್ಟಿ ಹೊರುವುದು.

ಹೆಜ್ಜಾರ್ಲೆ ಗೂಡು ಕಟ್ಟುವುದು ಊರೊಳಗಿನ ಹುಣಸೆಯಂಥ ದೊಡ್ಡ ಮರಗಳ ನೆತ್ತಿಯಲ್ಲಿ. ಮರಿ ಜಾರಿ ಬಿದ್ದರೆ ತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ, ನಾಯಿಗಳು ಕಾಯುತ್ತಿರುತ್ತವೆ. ಬದುಕುಳಿದವನ್ನು ಬೇಲಿ ಕಟ್ಟಿದ ಜಾಗದಲ್ಲಿಟ್ಟು, ಮೀನು ಹಾಕಿ, ರೆಕ್ಕೆ ಬಲಿತ ಮೇಲೆ ಬಿಡುತ್ತಿದ್ದರು. ಊರಿನವರೇ ಹೆಜ್ಜಾರ್ಲೆ ಬಳಗ ಕಟ್ಟಿಕೊಂಡ ಮೇಲೆ ದಿನನಿತ್ಯದ ಹೊಣೆ ಅವರ ಪಾಲಿಗೆ ಹೋಯಿತು. ಒಳ್ಳೆಯದೇ ಆಯಿತು. ಭಾನುವಾರ ಬಂದು ಹೋಗುವವರನ್ನು ನಂಬಿದರೆ ಸೋಮವಾರ ಮರಿಗಳಿಗೆ ಉಪವಾಸ.

ಪತ್ರಿಕೆಗಳವರಿಗೆ ಮರಿ ಸಾಕುವ ಕಥೆ ಇಷ್ಟ. ಜೊತೆಗೆ, ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂಬ ಮಾತು ಇಲ್ಲದ ವರದಿಯೇ ಇರುತ್ತಿರಲಿಲ್ಲ. ಊರವರು ಹಾಗೆ ಹೇಳುವುದು ನಿಜ, ನಂಬುವುದೂ ನಿಜ. ಆದರೆ ಜಗಲಿಯಲ್ಲಿ ಕೂತು ಎರಡನೇ ಲೋಟ ಕಾಫಿ ಮುಗಿಸುವಷ್ಟು ಹೊತ್ತು ಇದ್ದರೆ ಮಾತು ಹುಣಸೆಹಣ್ಣಿಗೆ ಹೊರಳುತ್ತಿತ್ತು. ಗೂಡಿನಲ್ಲಿ ಮರಿಯಿರುವ ಕಾಲವೇ ಹುಣಸೆ ಬಡಿಯುವ ಕಾಲ. ಬಡಿದರೆ ಮರಿ ಬೀಳುತ್ತದೆ, ಬಿಟ್ಟರೆ ಹಿಕ್ಕೆ ಬಿದ್ದು ಹಣ್ಣು ಕೆಡುತ್ತದೆ. "ಮರ ಬಡೀಬ್ಯಾಡ ಅಂತೀಯಲ್ಲ ಮಗ, ಸಂತೆಗೇನು ಕೊಕ್ಕರೆ ತಕಂಡೋಗನಾ?" ಎಂದು ಅಜ್ಜಿಯೊಬ್ಬರು ಕೇಳಿದ್ದರು. ಗೂಡಿರುವ ಮರಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂದದ್ದು ಇದಕ್ಕೇ. ಹಿಕ್ಕೆಯೂ ವ್ಯರ್ಥವಲ್ಲ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ಬೆರೆಸಿ ಹೊಲಕ್ಕೆ ಹಾಕುತ್ತಿದ್ದರು. ನಾವು ಮೂಗು ಮುಚ್ಚಿಕೊಂಡು ನಡೆದಾಡುತ್ತಿದ್ದ ಜಾಗ ಅವರ ಗೊಬ್ಬರದ ಕಣಜವಾಗಿತ್ತು.

2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಈಗ ಬರುವ ಸ್ವಯಂಸೇವಕರು ಫೋನಿನಲ್ಲೇ ಹಕ್ಕಿಗಳ ಪಟ್ಟಿ ತುಂಬಿ ಹಕ್ಕಿ ದಾಖಲೆಗಳ ಜಾಲತಾಣ ಇ-ಬರ್ಡ್‌ಗೆ ಕಳಿಸುತ್ತಾರೆ. ಹಳಬರು ಇದಕ್ಕೆ ಗೊಣಗುವುದುಂಟು, ನಾನು ಗೊಣಗಲಾರೆ. ನಮ್ಮ ನೋಟ್‌ಬುಕ್ಕುಗಳಲ್ಲಿ ಒಬ್ಬ ಗೂಡು ಎಣಿಸಿದ್ದರೆ ಇನ್ನೊಬ್ಬ ಹಕ್ಕಿ ಎಣಿಸಿರುತ್ತಿದ್ದ. ಹೋಲಿಸಲು ಬಾರದ ಆ ಲೆಕ್ಕ ಯಾರದೋ ಅಟ್ಟದಲ್ಲಿ ಗೆದ್ದಲು ಹಿಡಿಯಿತು. ಹೆಜ್ಜಾರ್ಲೆಗಳೂ ಆಗಿನಷ್ಟು ಅಪರೂಪವಲ್ಲ. ಮೈಸೂರಿನ ಕಾರಂಜಿ ಕೆರೆಯಲ್ಲೂ ರಂಗನತಿಟ್ಟಿನಲ್ಲೂ ಗೂಡು ಕಟ್ಟುತ್ತವೆ. ಅಳಿವಿನಂಚಿನ ಜೀವಿಗಳ ಐಯುಸಿಎನ್ ಪಟ್ಟಿಯಲ್ಲೂ ಅಂದಿಗಿಂತ ಒಂದು ಮೆಟ್ಟಿಲು ಸುರಕ್ಷಿತವಾಗಿವೆ. ಅದರ ಕೀರ್ತಿಯನ್ನು ನಮ್ಮ ಮೀನಿನ ಬುಟ್ಟಿಗೆ ಕಟ್ಟಬೇಕಾಗಿಲ್ಲ.

ಊರೊಳಗಿನ ಮರಗಳ ವಿಷಯಕ್ಕೆ ಬಂದರೆ ಇಷ್ಟು ಸಮಾಧಾನವಿಲ್ಲ. ಮನೆ ಕಟ್ಟಲು, ಮಗಳ ಮದುವೆಗೆ ಎಂದು ಹಳೆಯ ಮರ ಹೋದರೆ ಅದರ ಜಾಗದ ಸಸಿ ಹೆಜ್ಜಾರ್ಲೆಯ ಭಾರ ಹೊರಲು ಒಂದು ತಲೆಮಾರು ಬೇಕು. ಸಸಿ ನೆಡುವ ದಿನ ಸ್ವಯಂಸೇವಕರಿಗೆ ಬರವಿಲ್ಲ. ಏಪ್ರಿಲ್‌ನಲ್ಲಿ ನೀರು ಹೊರಲು, ಮೇಕೆ ಓಡಿಸಲು ಕರೆದರೆ ಪರೀಕ್ಷೆ, ನೆಂಟರ ಮದುವೆ.

ಹಾಗಾಗಿ ಈಗ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗ ಬೈನಾಕ್ಯುಲರ್ ಕೈಗೆ ಕೊಡುವ ಮುಂಚೆ ಮರದ ಯಜಮಾನರ ಮನೆಗೆ ಹೋಗುತ್ತೇವೆ. ಹಕ್ಕಿ ನೋಡಲು ಬಂದವರಿಗೆ ಹುಣಸೆಯ ಧಾರಣೆ ಯಾಕೆಂದು ಕೆಲವರು ಮುಖ ಸಿಂಡರಿಸುತ್ತಾರೆ. ಹೋದ ಸಲ ಒಬ್ಬಳು ಹುಡುಗಿ ಗೂಡೆಣಿಕೆಯ ನಮೂನೆಯಲ್ಲಿ ಮರ ಯಾರದು, ಈ ವರ್ಷ ಬಡಿದರೇ ಇಲ್ಲವೇ ಎಂಬ ಎರಡು ಕಾಲಂ ತಾನಾಗಿಯೇ ಸೇರಿಸಿಕೊಂಡಿದ್ದಳು. ಪರಿಹಾರದ ದುಡ್ಡು ಕೈಸೇರಿತೇ ಎಂಬುದಕ್ಕೂ ಒಂದು ಗೆರೆ ಎಳೆ ಎಂದೆ.